ಬಚ್ಚಲಿನ ದಾರಿ

ಹಳೆಯ ಮನೆಗಳಿಗೆ ತಮ್ಮವೇ ಆದ ಗುಟ್ಟುಗಳಿರುತ್ತವೆ. ಗೋಣಿಕೊಪ್ಪಲಿನ ನಮ್ಮ ಮನೆ ತಂದೆಯವರು ಕಟ್ಟಿಸಿದ್ದು. ಮಂಗಳೂರು ಹೆಂಚಿನ ಮಾಡು, ಕಾವಿ ನೆಲ. ಅದರ ಅಡಿಗೆಮನೆಗೆ ಪಾತ್ರೆ ತೊಳೆಯುವ ಯಂತ್ರ ಬಂದಾಗ ಹೊರಬಿದ್ದ ಗುಟ್ಟೊಂದನ್ನು ಇಂದು ನಿಮ್ಮೊಡನೆ ಹೇಳಿಕೊಳ್ಳಬೇಕೆಂದಿದ್ದೇನೆ.

ಈ ಯಂತ್ರ ಜಗತ್ತಿಗೆ ಹೊಸದೇನಲ್ಲ. ಅಮೆರಿಕದ ಜೋಸೆಫೀನ್ ಕಾಕ್ರೇನ್ ಎಂಬ ಮಹಿಳೆ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1886ರಲ್ಲಿ. ನಮ್ಮಲ್ಲಿ ಇದರ ಮಾತು ಹೆಚ್ಚಾಗಿ ಕೇಳಿಬಂದದ್ದು 2020ರ ಲಾಕ್‌ಡೌನ್ ದಿನಗಳಲ್ಲಿ. ನನ್ನ ಹೆಂಡತಿಯ ಬೆರಳ ಗಂಟುಗಳಲ್ಲಿ ನೋವು ಕಾಣಿಸಿಕೊಂಡಾಗ ನಾವೂ ಒಂದನ್ನು ತಂದೆವು.

ಮೂರನೆಯ ದಿನ ಬಾಗಿಲು ತೆರೆದು ನೋಡಿದರೆ ತಳದಲ್ಲಿ ಜಿಡ್ಡುಗಟ್ಟಿದ ಕೊಳೆನೀರು. ಸಿಂಕಿನಲ್ಲಿ ಅಕ್ಕಿ ತೊಳೆದರೆ ಆ ನೀರೂ ಯಂತ್ರದೊಳಕ್ಕೇ ಇಳಿಯುತ್ತಿತ್ತು. ಯಂತ್ರವೇ ಕೆಟ್ಟದ್ದೆಂದು ನಾನು ತೀರ್ಮಾನಿಸಿದೆ. ಹಿಂದಿರುಗಿಸುವ ಮಾತನ್ನೂ ಆಡಿದೆ. ಆಕೆ ಮರುಮಾತಿಲ್ಲದೆ ಮತ್ತೆ ಪಾತ್ರೆಗಳ ಮುಂದೆ ನಿಂತಳು.

ಕೊಳವೆ ಕೆಲಸದ ವೃದ್ಧ ಮೇಸ್ತ್ರಿಯೊಬ್ಬರು ಬಂದು ನೋಡಿ, "ಯಂತ್ರಕ್ಕೆ ಏನೂ ಆಗಿಲ್ಲ ಸಾರ್, ನಿಮ್ಮ ಬಚ್ಚಲು ಕಟ್ಟಿದೆ" ಎಂದರು. ಕೈಯಿಂದ ತೊಳೆಯುವಾಗ ನೀರು ಸ್ವಲ್ಪಸ್ವಲ್ಪವಾಗಿ ಹೋಗುತ್ತದೆ. ಯಂತ್ರದ ಪಂಪಾದರೋ ಒಂದೆರಡು ನಿಮಿಷಗಳಲ್ಲಿ ಅಷ್ಟನ್ನೂ ಒತ್ತಿ ಹೊರಹಾಕುತ್ತದೆ. ಹಳೆಯ ಕಿರಿದಾದ ಕೊಳವೆಯಲ್ಲಿ ಪಂದಿ ಕರಿಯ ಕೊಬ್ಬು ಹೆಪ್ಪುಗಟ್ಟಿ ಕುಳಿತಿತ್ತು. ಬಿಸಿನೀರಿನಲ್ಲಿ ಕರಗಿ ಹೊರಟ ಕೊಬ್ಬು ನಮ್ಮ ಮಳೆಗಾಲದ ಚಳಿಗೆ ಹಾದಿಯಲ್ಲೇ ಗಟ್ಟಿಯಾಗುತ್ತದೆ. ಮುಂದೆ ಹೋಗಲಾರದ ನೀರು, ನೆಲದ ಮೇಲೆ ಮಲಗಿದ್ದ ಯಂತ್ರದ ಕೊಳವೆಯಲ್ಲಿ ಹಿಂದಕ್ಕೆ ಹರಿಯುತ್ತಿತ್ತು.

"ಇಷ್ಟು ವರ್ಷ ಹೇಗೆ ನಡೆಯಿತು?" ಎಂದು ಮೇಸ್ತ್ರಿ ಕೇಳಿದರು. ನಾನು ಉತ್ತರಕ್ಕೆ ತಡಕಾಡುತ್ತಿದ್ದೆ. ಆಕೆ ಹೇಳಿದಳು: "ಕಟ್ಟುತ್ತಲೇ ಇತ್ತು. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಕುದಿನೀರು ಸುರಿದು, ತಂತಿ ಹಾಕಿ ತೆಗೆಯುತ್ತಿದ್ದೆ. ಇದನ್ನೆಲ್ಲ ಇವರಿಗೇನು ಹೇಳುವುದು?"

ಪರಿಹಾರ ಒಂದು ದಿನದ ಕೆಲಸವಾಯಿತು. ಯಂತ್ರದ ಕೊಳವೆಯನ್ನು ಕಟ್ಟೆಯ ಕಲ್ಲಿನ ಅಡಿಯವರೆಗೆ ಏರಿಸಿ, ಅಲ್ಲಿ ಬಿಗಿದು, ಬಳಿಕ ಕೆಳಗಿಳಿಸಿದರು. ಸಿಂಕಿನ ನೀರು ಆ ಏರನ್ನು ಸುಲಭವಾಗಿ ದಾಟಲಾರದು. ಜೋಡಣೆಯನ್ನು ಸಿಂಕಿನಡಿಯ ಬಾಗಿದ ಟ್ರ್ಯಾಪಿಗಿಂತ ಮೇಲೆಯೇ ಮಾಡಿದರು. ಆ ಬಾಗಿನಲ್ಲಿ ನಿಂತ ನೀರೇ ಚರಂಡಿಯ ದುರ್ವಾಸನೆಗೆ ಅಡ್ಡಬಾಗಿಲು. ಅದರ ಕೆಳಗೆ ಜೋಡಿಸಿದರೆ ವಾಸನೆ ನೇರವಾಗಿ ಯಂತ್ರಕ್ಕೆ ಬರುತ್ತದೆ. ಹಳೆಯ ಕೊಳವೆಯನ್ನು ಕಿತ್ತು 2 ಅಂಗುಲದ್ದನ್ನು, 40 ಅಡಿಗೆ 1 ಅಡಿಯಂತೆ ಇಳಿಜಾರು ಕೊಟ್ಟು ಹಾಕಿದರು. ತಿರುವಿನಲ್ಲಿ ತೆರೆದು ನೋಡಲು ಮುಚ್ಚಳವಿಟ್ಟರು. ಹೊರಗೆ ಜಿಡ್ಡು ತಡೆಯುವ ಸಣ್ಣ ತೊಟ್ಟಿ ಕಟ್ಟಿದರು. ಪಾತ್ರೆಯ ಕೊಬ್ಬನ್ನು ಮೊದಲೇ ಕಾಗದದಿಂದ ಒರೆಸಬೇಕೆಂಬುದು ಅವರ ಕೊನೆಯ ಮಾತು.

ಯಂತ್ರ ಈಗ ಸರಿಯಾಗಿ ನಡೆಯುತ್ತಿದೆ. ಆದರೆ ಆಕೆಯ ಆ ಮಾತು ನನ್ನನ್ನು ಬಿಟ್ಟಿಲ್ಲ. ಜಗಲಿಯ ಕಂಬಗಳಿಗೆ ವರ್ಷವರ್ಷವೂ ಎಣ್ಣೆ ಬಳಿಸಿದ ನನಗೆ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆಂಬುದೇ ತಿಳಿದಿರಲಿಲ್ಲ. ಮನೆಯ ದೋಷವೊಂದನ್ನು ಎರಡು ಕೈಗಳು ಸದ್ದಿಲ್ಲದೆ ಮುಚ್ಚಿಟ್ಟಿದ್ದವು. ಯಂತ್ರಕ್ಕೆ ಆ ಸೈರಣೆಯಿಲ್ಲ, ಅದು ಮೂರೇ ದಿನಕ್ಕೆ ದೂರು ಕೊಟ್ಟಿತು. ತೊಟ್ಟಿಯ ಜಿಡ್ಡನ್ನು ತಿಂಗಳಿಗೊಮ್ಮೆ ತೆಗೆಯುವ ಕೆಲಸವನ್ನು ಈಗ ನಾನು ವಹಿಸಿಕೊಂಡಿದ್ದೇನೆ.