ಹಲವು ನುಡಿಯವರ ಒಂದು ರಾತ್ರಿ

ನಮ್ಮ ಹೊಳಲಿಗೆ ಮೈಲಾರ ದೂರವಲ್ಲ. ಕಾರಣಿಕದ ದಿನ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ನೆರೆದ ಜನಸಾಗರ ಉಸಿರು ಬಿಗಿಹಿಡಿಯುವುದನ್ನು ಬಾಲ್ಯದಿಂದ ಕಂಡಿದ್ದೇನೆ. ಒಂದೇ ದೈವಕ್ಕೆ ನಡೆದುಕೊಳ್ಳುವ ಜನಕ್ಕೆ ಇದು ಸಹಜ. ನುಡಿ, ನಾಡು, ದೈವಗಳೆಲ್ಲ ಬೇರೆಯಾದವರನ್ನು ಹಡಗಿನಲ್ಲಿ ತುಂಬಿ ತಂದು ಮಾರಿದರೆ ಅವರು ಒಂದಾಗುವುದು ಹೇಗೆ? ಆಗಲಾರರೆಂಬುದೇ ಒಡೆಯರ ಧೈರ್ಯವಾಗಿತ್ತು.

ಬ್ರೆಜಿಲ್ಲಿನ ಸಾಲ್ವಡಾರ್ ನಗರದಲ್ಲಿ 1835ರ ಜನವರಿಯಲ್ಲಿ ಆ ಧೈರ್ಯ ಅಲುಗಿತು. ಅಲ್ಲಿಯ ಗುಲಾಮರಲ್ಲಿ ಅನೇಕರು ಬೀದಿಯಲ್ಲಿ ಹೊರೆ ಹೊತ್ತು, ಪಲ್ಲಕ್ಕಿ ಹೊತ್ತು ದುಡಿದು, ಗೊತ್ತಾದ ಹಣವನ್ನು ಒಡೆಯನಿಗೆ ಒಪ್ಪಿಸುವವರು. ಕೂಲಿಗಾಗಿ ಕಾಯುವ ಬೀದಿಮೂಲೆಯೇ ಅವರ ಚಾವಡಿ. ‘ನಾಗೋ’ ಎಂದು ಕರೆಸಿಕೊಂಡ ಯೊರೂಬಾ ಜನ ಹೆಚ್ಚು; ಜೊತೆಗೆ ಹೌಸಾ ಜನ, ಬಿಡುಗಡೆ ಪಡೆದ ಆಫ್ರಿಕನರು. ಇಸ್ಲಾಂ ಬಲ್ಲ ಹಿರಿಯರು ಮನೆಗಳಲ್ಲಿ ಗುಟ್ಟಾಗಿ ಅಕ್ಷರ ಕಲಿಸಿದರು. ಓದುಬರಹವರಿಯದ ಬಿಳಿಯರು ಎಷ್ಟೋ ಮಂದಿಯಿದ್ದ ಊರಿನಲ್ಲಿ ಗುಲಾಮನು ಅರಬ್ಬಿ ಬರೆಯುತ್ತಿದ್ದನೆಂದರೆ ಇಂದಿಗೂ ವಿಸ್ಮಯವೆನಿಸುತ್ತದೆ. ಕುರಾನಿನ ಸಾಲುಗಳುಳ್ಳ ತಾಯಿತಗಳನ್ನು ಮುಸಲ್ಮಾನರಲ್ಲದವರೂ ಕಟ್ಟಿಕೊಂಡರು.

ರಂಜಾನ್ ಮುಗಿಯುತ್ತಿತ್ತು. ಊರಿನ ಗಮನವೆಲ್ಲ ಬೊನ್ಫಿಂ ಇಗರ್ಜಿಯ ಹಬ್ಬದತ್ತ. 25ರ ಭಾನುವಾರ ಬೆಳಗಿನ ಜಾವ, ಗುಲಾಮರು ನೀರಿಗೆ ಹೊರಡುವ ಹೊತ್ತೇ ಮುಹೂರ್ತ. ಆ ಹೊತ್ತಿನಲ್ಲಿ ಕೊಡ ಹೊತ್ತವನನ್ನು ಯಾರು ಶಂಕಿಸುತ್ತಾರೆ? ಆದರೆ ಹಿಂದಿನ ರಾತ್ರಿಯೇ ಸುಳಿವು ಹೊರಬಿದ್ದು, ಅವರು ಕತ್ತಲಲ್ಲಿಯೇ ಹೊರನುಗ್ಗಬೇಕಾಯಿತು. ಬೀದಿಗಿಳಿದವರು ಸುಮಾರು 600. ಕೆಲವೇ ಗಂಟೆಗಳಲ್ಲಿ ಎಲ್ಲವೂ ಮುಗಿದು, ದಂಗೆಕೋರರಲ್ಲಿ 70ಕ್ಕೂ ಹೆಚ್ಚು ಮಂದಿ ಮಡಿದರು. ತರುವಾಯ ನಾಲ್ವರನ್ನು ಗುಂಡಿಟ್ಟು ಕೊಂದರು. ಚಾವಟಿಯ ಏಟುಗಳಿಗೆ, ಗಡೀಪಾರಿಗೆ ಗುರಿಯಾದವರು ಹಲವರು.

ಈ ಒಗ್ಗಟ್ಟನ್ನು ಹಿಗ್ಗಿಸಿ ಹೇಳಬಾರದು. ಬ್ರೆಜಿಲ್ಲಿನಲ್ಲಿಯೇ ಹುಟ್ಟಿದ ಗುಲಾಮರು ದೂರ ಉಳಿದರು. ಅಂಗೋಲಾ ಕಡೆಯವರೂ ವಿರಳ. ಒಂದು ನುಡಿ, ಒಂದು ಅಕ್ಷರ ಎಲ್ಲಿಯವರೆಗೆ ಚಾಚಿತೋ ದಂಗೆಯೂ ಅಲ್ಲಿಯವರೆಗೆ ಚಾಚಿತು.

ಅಷ್ಟು ದೂರದ ಮಾತೇಕೆ ಎನ್ನುವಿರಾ? ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳ ಪೂರ್ವಿಕರೂ ಆಫ್ರಿಕದವರೇ. ಅವರಲ್ಲಿ ಅನೇಕರು ಪೋರ್ತುಗೀಸರ ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಓಡಿಹೋಗುವುದೂ ಒಂದು ಬಗೆಯ ದಂಗೆಯೆಂದೇ ನನ್ನ ಎಣಿಕೆ. 1858–59ರಲ್ಲಿ ಸೂಪಾ ಸೀಮೆಯಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಂಡಾಯದಲ್ಲಿ ಸಿದ್ದಿ ಬಾಸ್ತ್ಯಾಂವ್ ಎಂಬವನು ಮುಂದಾಳುಗಳಲ್ಲಿ ಒಬ್ಬನಾಗಿದ್ದ. ಕಾಡಿನೊಳಗೆ ಅವರ ಹಳೆಯ ನುಡಿಗಳು ಕರಗಿಹೋದವು, ಕೊಂಕಣಿ, ಕನ್ನಡಗಳು ಬಾಯಿಗೆ ಬಂದವು, ಮತಗಳು ಮೂರಾದವು. ಇಂದಿಗೂ ಯಲ್ಲಾಪುರ ತಾಲ್ಲೂಕಿನ ಸಾತುಂಬೈಲಿನಲ್ಲಿ ಸಿದ್ದಿನಾಸನ ಪೂಜೆಗೆ ಹಿಂದೂ, ಕ್ರೈಸ್ತ, ಮುಸಲ್ಮಾನ ಸಿದ್ದಿಗಳು ಕೂಡುತ್ತಾರೆ. ಡಮಾಮಿಯ ಪೆಟ್ಟು ಬಿದ್ದೊಡನೆ ಹೆಂಗಸರೂ ಗಂಡಸರೂ ಕುಣಿತಕ್ಕೆ ಇಳಿಯುತ್ತಾರೆ.