ಉತ್ಸವಕ್ಕೊಂದು ಹೊಸ ಹಾಡು

(ಶತಮಾನೋತ್ಸವ ಗೀತೆಯ ಮೊದಲ ಅಭ್ಯಾಸದ ಸಂಜೆ, ಗಾನವೃಂದದವರನ್ನೂ ಉತ್ಸವ ಸಮಿತಿಯವರನ್ನೂ ಉದ್ದೇಶಿಸಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ಶತಮಾನೋತ್ಸವಕ್ಕಾಗಿ, ಒಂದೇ ಒಂದು ಪಿಟೀಲು ಮತ್ತು ಗಾನವೃಂದಕ್ಕೆ ಹೊಂದುವ ಹೊಸ ಕೃತಿಯೊಂದನ್ನು ರಚಿಸಿಕೊಡಬೇಕೆಂದು ನಮ್ಮ ವಿಚಾರಣೆಯವರೇ ಆದ ಸಂಗೀತದ ಮೇಷ್ಟರನ್ನು ಕೇಳಿಕೊಂಡೆವಷ್ಟೆ. ಅವರು 84ನೆಯ ಕೀರ್ತನೆಯನ್ನು ಆರಿಸಿಕೊಂಡು, ನಾಲ್ಕು ತಿಂಗಳು ಶ್ರಮಿಸಿ, ಸ್ವರಲಿಪಿಯನ್ನು ನನ್ನ ಕೈಗಿತ್ತಿದ್ದಾರೆ. ಅದನ್ನು ಕಂಡ ಮೇಲೆ ಸಮಿತಿಯ ಕೆಲವರು ನನ್ನಲ್ಲಿಗೆ ಬಂದು ಅಸಮಾಧಾನ ತೋಡಿಕೊಂಡರು. ಮೊದಲೆರಡು ನಿಮಿಷ ಪಿಟೀಲೊಂದೇ ನುಡಿಯುತ್ತದೆ, ಗಾನವೃಂದ ಸುಮ್ಮನೆ ನಿಂತಿರಬೇಕು. ಗುಬ್ಬಚ್ಚಿ ಗೂಡು ಕಟ್ಟುವ ಮಾತು ಬಂದಾಗ ಪಿಟೀಲು ಗುಬ್ಬಚ್ಚಿಯಂತೆಯೇ ಚಿಲಿಪಿಲಿಗುಟ್ಟುತ್ತದೆ. ಬಲಿಪೀಠದ ಮುಂದೆ ಇದು ಶೋಭಿಸೀತೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಉತ್ತರ ಹೇಳುವ ಮುನ್ನ, ಇಂಥದೇ ಉತ್ಸವವೊಂದಕ್ಕೆ ಹಾಡು ಹುಟ್ಟಿದ ಬಗೆಯನ್ನು ತಮ್ಮೆದುರು ಇಡಲು ಬಯಸುತ್ತೇನೆ.

ಇಂಗ್ಲೆಂಡಿನ ನಾರ್ತ್ಯಾಂಪ್ಟನ್ ಪಟ್ಟಣದಲ್ಲಿ ಸಂತ ಮತ್ತಾಯನ ಹೆಸರಿನ ದೇವಾಲಯವೊಂದಿದೆ. ಅದು ಆಂಗ್ಲಿಕನ್ ಸಭೆಯದು. ಆದರೂ ಅದರಿಂದ ನಾವು ಕಲಿಯುವುದಕ್ಕೆ ಅಡ್ಡಿಯಿಲ್ಲ. ಅದರ ಪ್ರತಿಷ್ಠೆಯಾದದ್ದು 1893ರಲ್ಲಿ. 1943ರಲ್ಲಿ ಅದಕ್ಕೆ ಐವತ್ತು ತುಂಬುವಾಗ ಮಹಾಯುದ್ಧ ನಡೆದಿತ್ತು. ಅಲ್ಲಿಯ ಗುರು ವಾಲ್ಟರ್ ಹಸ್ಸಿ ಎಂಬವರು, ಆಗಿನ್ನೂ ಮೂವತ್ತನಾಲ್ಕರ ಪ್ರಾಯದವರು. ಹಿಂದೊಮ್ಮೆ ಕಲೆಗೂ ದೇವಾಲಯಕ್ಕೂ ಇದ್ದ ನಂಟು ಕಡಿದುಹೋಗಿದೆ, ಅದನ್ನು ಮತ್ತೆ ಬೆಸೆಯಬೇಕು ಎಂಬುದು ಅವರ ಹಂಬಲ. ಉತ್ಸವಕ್ಕೊಂದು ಕೃತಿ ಬೇಕೆಂದು ಮೊದಲು ವಿಲಿಯಂ ವಾಲ್ಟನ್ನರನ್ನು ಕೇಳಿದರು, ಅವರು ಒಪ್ಪಲಿಲ್ಲ. ಬಳಿಕ ಬೆಂಜಮಿನ್ ಬ್ರಿಟನ್ನರಿಗೆ ಪತ್ರ ಬರೆದರು. ಬ್ರಿಟನ್ ಅಮೆರಿಕದಿಂದ ಹಿಂದಿರುಗಿ ಒಂದು ವರ್ಷವಾಗಿತ್ತು. ಆ ಸಮುದ್ರಯಾನದಲ್ಲಿಯೇ ಹಾರ್ಪ್ ವಾದ್ಯಕ್ಕೂ ಎಳೆಯರ ಕಂಠಗಳಿಗೂ ಕ್ರಿಸ್ತಜಯಂತಿಯ ಗೀತಮಾಲೆಯೊಂದನ್ನು ರಚಿಸತೊಡಗಿದ್ದರು. ಒಂಟಿ ವಾದ್ಯವೂ ಗಾನವೃಂದವೂ ಕೂಡಿದಾಗ ಏನಾಗುತ್ತದೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಹಸ್ಸಿಯವರಲ್ಲಿದ್ದುದು ಒಂದು ಆರ್ಗನ್, ಹುಡುಗರೂ ಗಂಡಸರೂ ಸೇರಿದ ತಮ್ಮ ವಿಚಾರಣೆಯ ಗಾನವೃಂದ, ಮತ್ತು ತಪ್ಪಿಸಲಾಗದ ಒಂದು ದಿನಾಂಕ: ಸೆಪ್ಟೆಂಬರ್ 21, ಸಂತ ಮತ್ತಾಯನ ಹಬ್ಬ. ಇದರೊಳಗೆ ಕೃತಿ ಅಡಗಬೇಕು. ಅಳತೆ ಕೊಡದೆ ಬಟ್ಟೆ ಹೊಲಿಸಲಾಗದು. ಅಳತೆ ಕೊಟ್ಟ ಮೇಲೆ ದರ್ಜಿಯ ಪಕ್ಕದಲ್ಲಿ ಕುಳಿತು ಪ್ರತಿಯೊಂದು ಹೊಲಿಗೆಗೂ ತಕರಾರು ಮಾಡಲೂಬಾರದು. ಹಸ್ಸಿಯವರು ಈ ಎರಡನ್ನೂ ಅರಿತಿದ್ದರು.

ಬ್ರಿಟನ್ ಆರಿಸಿಕೊಂಡ ಸಾಹಿತ್ಯವನ್ನು ಕೇಳಿದರೆ ತಾವು ಬೆರಗಾಗುತ್ತೀರಿ. ಅದನ್ನು ಬರೆದವನು ಹದಿನೆಂಟನೆಯ ಶತಮಾನದ ಕ್ರಿಸ್ಟೋಫರ್ ಸ್ಮಾರ್ಟ್ ಎಂಬ ಕವಿ. ನಡುಬೀದಿಯಲ್ಲಿ ಮೊಣಕಾಲೂರಿ, ದಾರಿಹೋಕರನ್ನೆಲ್ಲ ಪ್ರಾರ್ಥನೆಗೆ ಕರೆಯುತ್ತಿದ್ದ ಭಕ್ತ. ಅವನನ್ನು ಹುಚ್ಚನೆಂದು ವರ್ಷಗಟ್ಟಲೆ ಕೂಡಿಹಾಕಿದರು. ಸೆರೆಯಲ್ಲಿ ಅವನಿಗೆ ಜೊತೆಯಾಗಿದ್ದುದು ಜೆಫ್ರಿ ಎಂಬ ಬೆಕ್ಕು. ಅಲ್ಲಿಯೇ ಸಕಲ ಸೃಷ್ಟಿಯೂ ದೇವರನ್ನು ಸ್ತುತಿಸುವ ನೀಳ್ಗವನವೊಂದನ್ನು ಬರೆದ. 1771ರಲ್ಲಿ ಸಾಲಗಾರರ ಸೆರೆಮನೆಯಲ್ಲಿ ಸತ್ತ. ಆ ಹಸ್ತಪ್ರತಿ ಅಚ್ಚಾಗಿ ಹೊರಬಂದುದು 1939ರಲ್ಲಿ. ಅದರಲ್ಲಿ ಪ್ರವಾದಿಗಳಿದ್ದಾರೆ, ಪಿತಾಮಹರಿದ್ದಾರೆ. ಜೊತೆಗೆ ಬೆಕ್ಕು, ಇಲಿ, ಹೂವುಗಳೂ ಇವೆ.

ದೇವಾಲಯದ ಸುವರ್ಣೋತ್ಸವಕ್ಕೆ ಬೆಕ್ಕಿನ ಹಾಡು! ಬ್ರಿಟನ್ನರಿಗೂ ಕೊಂಚ ಅಳುಕಿದ್ದಿರಬೇಕು. ಬೆಕ್ಕಿನ ಭಾಗವನ್ನು ಸೇರಿಸಿಬಿಟ್ಟಿದ್ದೇನೆ, ಅಷ್ಟು ಒಳ್ಳೆಯ ಬೆಕ್ಕಿನಿಂದ ಯಾರ ಮನಸ್ಸೂ ನೋಯಲಾರದು ಎಂಬ ಅರ್ಥದಲ್ಲಿ ಹಸ್ಸಿಯವರಿಗೆ ಬರೆದರು. ಹಸ್ಸಿಯವರು ಬೆಕ್ಕನ್ನು ಹೊರಗಟ್ಟಲಿಲ್ಲ.

ಆ ಕೃತಿಯಲ್ಲಿ ಆರ್ಗನ್ ಮಾಡುವ ಕೆಲಸವನ್ನು ಗಾನವೃಂದದವರು ವಿಶೇಷವಾಗಿ ಗಮನಿಸಬೇಕು. ನಮ್ಮಲ್ಲಿ ವಾದ್ಯವೆಂದರೆ ಹಾಡಿನ ಧಾಟಿಯನ್ನೇ ಹಿಂಬಾಲಿಸಿ ನುಡಿಸುವುದು, ಹಾಡುವವರು ತಪ್ಪಿದಾಗ ಕೈಹಿಡಿಯುವುದು ಎಂದು ರೂಢಿಯಾಗಿದೆ. ಅಲ್ಲಿ ಹಾಗಲ್ಲ. ಆರಂಭದಲ್ಲಿ ಕಂಠಗಳೆಲ್ಲ ಒಂದಾಗಿ, ಹೆಚ್ಚುಕಡಿಮೆ ಒಂದೇ ಸ್ವರದ ಮೇಲೆ ಮೆಲ್ಲಗೆ ನಿಲ್ಲುತ್ತವೆ. ಆರ್ಗನ್ ಅವುಗಳ ಕೆಳಗೆ ನೆಲದಂತಿರುತ್ತದೆ. ಬೆಕ್ಕಿನ ಭಾಗದಲ್ಲಿ ಹುಡುಗನೊಬ್ಬ ಹಾಡುತ್ತಾನೆ; ಆರ್ಗನ್ ಅವನ ಧಾಟಿಯನ್ನು ಹಿಡಿಯದೆ, ತಾನೇ ಬೆಕ್ಕಾಗಿ ಮೈ ಬಳುಕಿಸಿ ಸುಳಿದಾಡುತ್ತದೆ. ಇಲಿಯ ಸರದಿ ಬಂದಾಗ ಅದೇ ವಾದ್ಯ ಚುರುಕಾಗಿ ಓಡುತ್ತದೆ. ಅನಂತರ ನಗು ಅಡಗುತ್ತದೆ. ಜನರ ಬಾಯಿಂದ ಹುಚ್ಚನೆನ್ನಿಸಿಕೊಂಡ ಕವಿ, ತನ್ನ ನೋವನ್ನು ಪ್ರಭುವಿನ ನೋವಿಗೆ ಸೇರಿಸಿ ಹೇಳುವ ಭಾಗದಲ್ಲಿ ಸ್ವರಗಳು ಒಂದಕ್ಕೊಂದು ಒತ್ತಿ ನರಳುತ್ತವೆ. ಬೆಕ್ಕನ್ನೂ ಇಲಿಯನ್ನೂ ಮೊದಲು ಕೇಳಿದ್ದರಿಂದಲೇ ಆ ನರಳಿಕೆ ಎದೆಯನ್ನು ನಾಟುತ್ತದೆ. ಕೊನೆಗೆ ಮತ್ತೆ ಮೆಲ್ಲನೆಯ ಅಲ್ಲೆಲೂಯ. ಎಲ್ಲ ಸೇರಿ ಹದಿನಾರು, ಹದಿನೇಳು ನಿಮಿಷ ಮಾತ್ರ.

ಹಬ್ಬದ ದಿನ ಬ್ರಿಟನ್ನರೇ ನಿಂತು ಆ ವಿಚಾರಣೆಯ ಗಾನವೃಂದವನ್ನು ಹಾಡಿಸಿದರು. ಕೃತಿಯನ್ನು ಹಸ್ಸಿಯವರಿಗೂ ಆ ಗಾನವೃಂದಕ್ಕೂ ಅರ್ಪಿಸಿದರು. ಮುಂದೆ ಹಸ್ಸಿಯವರು ಚಿಚೆಸ್ಟರ್ ಪ್ರಧಾನಾಲಯಕ್ಕೆ ಡೀನರಾಗಿ ಹೋಗಿ, ಲಿಯೊನಾರ್ಡ್ ಬರ್ನ್‌ಸ್ಟೈನರಿಂದ 1965ರಲ್ಲಿ ಹೀಬ್ರೂ ಭಾಷೆಯ ಕೀರ್ತನೆಗಳನ್ನು ಪಡೆದದ್ದು ಬೇರೆಯ ಕಥೆ.

ಈಗ ನನ್ನ ಕಥೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಗುರುದೀಕ್ಷೆಯಾದ ಹೊಸತರಲ್ಲಿ ನಾನೊಂದು ಹಳ್ಳಿಯ ವಿಚಾರಣೆಯಲ್ಲಿ ಸಹಾಯಕ ಗುರುವಾಗಿದ್ದೆ. ಅಲ್ಲಿಯ ಉಪದೇಶಿಗಳು ಪಿಟೀಲು ಬಲ್ಲವರು. "ಪಾಲಕ ಸಂತರ ಹಬ್ಬಕ್ಕೆ ಏನಾದರೂ ಹೊಸದನ್ನು ಮಾಡಿ, ಉಪದೇಶಿಗಳೇ" ಎಂದೆ. ಎಷ್ಟು ಹೊತ್ತಿನದು, ಯಾರು ಹಾಡುವುದು, ಪೂಜೆಯ ಯಾವ ಭಾಗಕ್ಕೆ, ಒಂದನ್ನೂ ಹೇಳಲಿಲ್ಲ. ಅವರು ರಾತ್ರಿಯೆಲ್ಲ ಕುಳಿತು ರಚಿಸಿ ತಂದರು. ಅದರಲ್ಲಿ ಪಿಟೀಲಿನ ಭಾಗ ನಮ್ಮ ಊರುಗಳಲ್ಲಿ ಸಾವಿನ ಮನೆಯ ಹೆಂಗಸರು ಹೇಳಿಕೊಂಡು ಅಳುವ ಧಾಟಿಯಲ್ಲಿತ್ತು. ಸಂತರು ರಕ್ತಸಾಕ್ಷಿಯಾದವರು; ಉಪದೇಶಿಗಳಿಗೆ ಆ ಸಾವು ಕಂಡಿತ್ತು, ನನಗೆ ಹಬ್ಬದ ತೋರಣ ಮಾತ್ರ ಕಂಡಿತ್ತು. ಹಿರಿಯ ಗುರುಗಳು ಏನೆಂದಾರೋ ಎಂಬ ಭಯ ಬೇರೆ. "ನೋಡೋಣ" ಎಂದು ಹೇಳಿ ಆ ಪುಸ್ತಕವನ್ನು ಮೇಜಿನ ಸೆಳೆಖಾನೆಯಲ್ಲಿಟ್ಟೆ. ಹಬ್ಬ ಕಳೆಯಿತು. ಮರುವರ್ಷ ನನಗೆ ವರ್ಗವಾಯಿತು.

ಬಹಳ ವರ್ಷಗಳ ಮೇಲೆ ಅವರ ಮಣ್ಣಿಗೆಂದು ಆ ಊರಿಗೆ ಹೋದೆ. "ಸ್ವಾಮಿಯವರು ಆ ಹಾಡು ನೋಡಿದರೋ ಇಲ್ಲವೋ ಎಂದು ಅಪ್ಪ ಆಗಾಗ್ಗೆ ಕೇಳುತ್ತಿದ್ದರು" ಎಂದಳು ಅವರ ಮಗಳು. ಗುರುಮನೆಗೆ ಹೋಗಿ ಹುಡುಕಿದೆ. ಮೇಜೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಅವರು ಮತ್ತೆ ಯಾವ ಹಾಡನ್ನೂ ಕಟ್ಟಲಿಲ್ಲವಂತೆ.

ಆದಕಾರಣ ಈ ಸಲ ಎಲ್ಲವನ್ನೂ ಮೊದಲೇ ಬರೆದುಕೊಟ್ಟೆ: ಒಂದು ಪಿಟೀಲು, ಇಪ್ಪತ್ತೆರಡು ಕಂಠಗಳು, ಎಂಟು ನಿಮಿಷ, ಕ್ರಿಸ್ತಪ್ರಸಾದ ಸ್ವೀಕಾರದ ನಂತರ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನೆಯ ಸಂವಿಧಾನದ 121ನೆಯ ಪರಿಚ್ಛೇದವನ್ನೂ ಮೇಷ್ಟರಿಗೆ ತೋರಿಸಿದೆ. ಸಂಗೀತ ರಚಿಸುವವರು ದೊಡ್ಡ ಗಾನವೃಂದಗಳನ್ನು ಮಾತ್ರವಲ್ಲದೆ ಸಣ್ಣವನ್ನೂ ಗಮನದಲ್ಲಿಡಬೇಕು, ಭಕ್ತಜನರೆಲ್ಲರೂ ಪಾಲುಗೊಳ್ಳಲು ಅವಕಾಶವಿರಬೇಕು, ಸಾಹಿತ್ಯವು ಮುಖ್ಯವಾಗಿ ಪವಿತ್ರ ಗ್ರಂಥದಿಂದಲೂ ಪೂಜಾವಿಧಿಯಿಂದಲೂ ಬರಬೇಕು ಎಂಬುದು ಅದರ ಸಾರ. ಸ್ಮಾರ್ಟನ ಬೆಕ್ಕು ನಮ್ಮ ಬಲಿಪೂಜೆಯೊಳಗೆ ಬರಲಾರದು, ನಿಜ. ಆದರೆ ಗುಬ್ಬಚ್ಚಿಯನ್ನು ಕೀರ್ತನೆಗಾರನೇ ಬಲಿಪೀಠದ ಬಳಿಗೆ ಕರೆತಂದಿದ್ದಾನೆ. ಅದನ್ನು ಓಡಿಸಲು ನನಗೆ ಅಧಿಕಾರವಿಲ್ಲ.

ಪಿಟೀಲಿನ ಎರಡು ನಿಮಿಷವೂ ಉಳಿಯುತ್ತದೆ. ಕೀರ್ತನೆಯಲ್ಲಿ ದೇವಾಲಯಕ್ಕಾಗಿ ಹಂಬಲಿಸುವವನು ಮೊದಲು ಒಬ್ಬನೇ; ಜನ ಸೇರುವುದು ಆಮೇಲೆ. ಮೇಷ್ಟರಲ್ಲಿ ನಾನು ಬೇಡಿದ ಬದಲಾವಣೆ ಒಂದೇ. ಕೊನೆಯ ಪಲ್ಲವಿಯಲ್ಲಿ ಸ್ವರ ತೀರ ಮೇಲೇರುತ್ತಿತ್ತು. ಮುಂದಿನ ಸಾಲಿನ ನಮ್ಮ ಅಜ್ಜಿಯಂದಿರು ಕೂಡ ದನಿಗೂಡಿಸುವಂತೆ ಅದನ್ನು ಇಳಿಸಿಕೊಡಿ ಎಂದೆ. ಅವರು ಒಂದು ರಾತ್ರಿ ಮುನಿಸಿಕೊಂಡು, ಬೆಳಿಗ್ಗೆ ಇಳಿಸಿ ತಂದರು.

ಗುರುವಾರವೂ ಶನಿವಾರವೂ ಜಪಸರದ ನಂತರ, ಏಳು ಗಂಟೆಗೆ ಅಭ್ಯಾಸ. ಪಿಟೀಲಿನವರು ಬಸ್ಸು ಹಿಡಿದು ದೂರದಿಂದ ಬರುತ್ತಾರೆ. ಕೆಳದನಿಯ ಗಂಡಸರು ಚಹಾದ ಅಂಗಡಿಯ ಮುಂದೆ ನಿಲ್ಲದೆ ನೇರವಾಗಿ ಒಳಗೆ ಬರಬೇಕೆಂದು ಕೋರುತ್ತೇನೆ.