ಕನ್ನಡ ಓದುವ ಕಣ್ಣನ್ನು ನಾವೇ ಅಳೆಯಬೇಕು



ಹರ್ಮನ್ ಮೊಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಈ ಮಂಗಳೂರಿನಲ್ಲಿ. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ಕನ್ನಡವನ್ನು ಅಚ್ಚಿಗೆ ಒಗ್ಗಿಸಿದ ಊರಿನಲ್ಲಿ, ಆ ಅಕ್ಷರಗಳನ್ನು ಕಣ್ಣು ಹೇಗೆ ಓದುತ್ತದೆ ಎಂದು ಕೇಳುವುದು ಸಹಜವೇ ಸರಿ. ಈ ವಿಚಾರ ಸಂಕಿರಣದ ಮುಂದೆ ನಾನಿಡುವ ಆಶಯ ಒಂದೇ: ಕಣ್ಣಿನ ಚಲನೆಯನ್ನು ದಾಖಲಿಸುವ ಐ-ಟ್ರ್ಯಾಕಿಂಗ್ ಯಂತ್ರವನ್ನು ಹೊರಗಿನಿಂದ ತರಿಸಿಕೊಳ್ಳಬಹುದು; ಓದಿನ ಅಳತೆಗಳನ್ನು ಮಾತ್ರ ನಾವೇ ಕಂಡುಕೊಳ್ಳಬೇಕು.

ಓದುವಾಗ ಕಣ್ಣು ಸಾಲಿನುದ್ದಕ್ಕೂ ಒಂದೇ ಸಮನೆ ಸರಿಯುವುದಿಲ್ಲ. ಸೆಕೆಂಡಿನ ಸುಮಾರು ಕಾಲು ಭಾಗ ನಿಂತು, ಜಿಗಿದು, ಮತ್ತೆ ನಿಲ್ಲುತ್ತದೆ. ಇಂಗ್ಲಿಷ್ ಓದುಗರು ಒಂದು ನಿಲುಗಡೆಯಲ್ಲಿ ಎಡಕ್ಕೆ ಮೂರು-ನಾಲ್ಕು, ಬಲಕ್ಕೆ ಹದಿನಾಲ್ಕು-ಹದಿನೈದು ಅಕ್ಷರಗಳವರೆಗೆ ಗ್ರಹಿಸುತ್ತಾರೆಂದು ಮನೋವಿಜ್ಞಾನಿ ಕೀತ್ ರೇನರ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಆ ಲೆಕ್ಕವನ್ನು ಕನ್ನಡಕ್ಕೆ ಹಾಗೆಯೇ ಅನ್ವಯಿಸಲಾಗದು. 'ಸ್ವಾತಂತ್ರ್ಯ'ದಲ್ಲಿ ಎಣಿಸಿದರೆ ಮೂರೇ ಅಕ್ಷರ. ಆದರೆ ಒತ್ತುಗಳು ಸಾಲಿನ ಕೆಳಗೆ ಇಳಿದಿವೆ. 'ಸೂರ್ಯ'ದಲ್ಲಿ ಮೊದಲು ಉಚ್ಚರಿಸಬೇಕಾದ ರಕಾರ, ಅರ್ಕಾವತ್ತಾಗಿ ಯಕಾರದ ನಂತರ ಕುಳಿತಿದೆ. ಇಲ್ಲಿ ಕಣ್ಣು ಎಷ್ಟು ಹೊತ್ತು ನಿಲ್ಲುತ್ತದೆ, ಹಿಂದಕ್ಕೆ ಮರಳುತ್ತದೆಯೇ ಎಂಬುದನ್ನು ಅಳೆದೇ ತಿಳಿಯಬೇಕು. ಪಠ್ಯಪುಸ್ತಕದ ಅಕ್ಷರಗಾತ್ರ, ಸಾಲುಗಳ ಅಂತರ, ಮೊಬೈಲ್ ಪರದೆಯ ವಿನ್ಯಾಸ ಎಲ್ಲವೂ ಇದನ್ನೇ ಅವಲಂಬಿಸಿವೆ. ರಸ್ತೆಯ ಫಲಕಗಳೂ ಅಷ್ಟೇ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನಗರದ ನಂತೂರು ವೃತ್ತದತ್ತ ಬರುವ ಚಾಲಕನ ವಾಹನ, ಕಣ್ಣಿನ ಒಂದು ನಿಲುಗಡೆ ಮುಗಿಯುವಷ್ಟರಲ್ಲಿ ನಾಲ್ಕು ಮೀಟರ್ ಮುಂದೆ ಹೋಗಿರುತ್ತದೆ. ಎರಡು ಲಿಪಿಗಳ ಫಲಕದಲ್ಲಿ ಅವನು ತನ್ನ ಸಾಲನ್ನು ಹುಡುಕಿಕೊಳ್ಳಲು ಎಷ್ಟು ನಿಲುಗಡೆ ಬೇಕೆಂಬುದು ಸುರಕ್ಷತೆಯ ಪ್ರಶ್ನೆ.

ಕಣ್ಣು ಅಲ್ಲಿದ್ದ ಮಾತ್ರಕ್ಕೆ ಮನಸ್ಸೂ ಅಲ್ಲಿದೆಯೇ ಎಂಬ ಆಕ್ಷೇಪ ನ್ಯಾಯವಾದದ್ದು. ಚಿತ್ರಕಾರ ರೆಪಿನ್ನನ ಒಂದೇ ಚಿತ್ರವನ್ನು ತೋರಿಸಿ ಬೇರೆ ಬೇರೆ ಪ್ರಶ್ನೆ ಕೇಳಿದಾಗ ನೋಟದ ಜಾಡೇ ಬದಲಾಗುವುದನ್ನು ರಷ್ಯಾದ ವಿಜ್ಞಾನಿ ಯಾರ್ಬಸ್ ದಾಖಲಿಸಿದ್ದರು. ಆದ್ದರಿಂದ ನೋಟದ ದಾಖಲೆಯ ಜೊತೆಗೆ ಓದುಗನಿಗೆ ಅರ್ಥವಾಯಿತೇ ಎಂಬ ಪರೀಕ್ಷೆಯೂ ಇರಲೇಬೇಕು. ಯಂತ್ರಕ್ಕೂ ಮಿತಿಯಿದೆ. ಅವಕೆಂಪು ಬೆಳಕಿನಲ್ಲಿ ಪಾಪೆಯನ್ನೂ ಕಾರ್ನಿಯಾದ ಮೇಲಿನ ಹೊಳಪನ್ನೂ ಗುರುತಿಸುವ ಉಪಕರಣದಲ್ಲಿ ಅರ್ಧ ಡಿಗ್ರಿ ತಪ್ಪು ಸಾಮಾನ್ಯ. 60 ಸೆಂಟಿಮೀಟರ್ ದೂರದ ಪರದೆಯ ಮೇಲೆ ಅದು ಸುಮಾರು 5 ಮಿಲಿಮೀಟರ್, ಅಂದರೆ ಸಣ್ಣ ಅಚ್ಚಿನ ಒಂದು ಇಡೀ ಅಕ್ಷರ. ಒತ್ತಕ್ಷರದ ಬಗ್ಗೆ ತೀರ್ಮಾನ ಹೇಳುವವರು ದೊಡ್ಡ ಅಕ್ಷರಗಳಲ್ಲೇ ಪ್ರಯೋಗ ಮಾಡಬೇಕು.

ಈ ಯಂತ್ರಗಳಿಗೆ ಇಷ್ಟೊಂದು ಖರ್ಚು ನಮಗೆ ಬೇಕೇ ಎಂದು ಕೇಳುವವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ತ ಬಿಸ್ವಾಸ್ ಅವರ ತಂಡ, ಮಾತು ಮತ್ತು ಚಲನೆಯ ತೀವ್ರ ತೊಂದರೆಯುಳ್ಳವರು ನೋಟದಿಂದಲೇ ಕಂಪ್ಯೂಟರನ್ನೂ ರೋಬೋಟ್ ತೋಳನ್ನೂ ನಡೆಸುವ ವ್ಯವಸ್ಥೆ ರೂಪಿಸಿದೆ. ಕೈ ಆಡದ ಮಗುವಿಗೆ ಕಣ್ಣೇ ಕೈಯಾಗುವುದಾದರೆ ಆ ಖರ್ಚು ದುಂದಲ್ಲ.

ಮಂಗಳೂರಿನಲ್ಲಿ ಕನ್ನಡ ಓದುವವರ ಮನೆಮಾತು ತುಳು, ಕೊಂಕಣಿ, ಬ್ಯಾರಿಯೂ ಆಗಿರುತ್ತದೆ. ನಿಮ್ಮ ಪ್ರಯೋಗಗಳಲ್ಲಿ ಅವರೆಲ್ಲರೂ ಇರಲಿ. ಪ್ರತಿಯೊಬ್ಬರ ನೋಟದ ದಾಖಲೆ ಅವರದೇ ಸ್ವತ್ತು. ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಿರಿ. ಫಲಿತಾಂಶಗಳನ್ನು ಕನ್ನಡದಲ್ಲಿ ಪ್ರಕಟಿಸಿ, ಪಠ್ಯಪುಸ್ತಕ ರೂಪಿಸುವವರಿಗೂ ಫಲಕ ಬರೆಸುವವರಿಗೂ ತಲುಪಿಸಿ. ಆ ಕೆಲಸ ಈ ಸಂಕಿರಣದಿಂದಲೇ ಆರಂಭವಾಗಲಿ ಎಂದು ಕೇಳಿಕೊಳ್ಳುತ್ತೇನೆ.